ಅವ್ವಾ, ಬಂದೆ

ಮೇ ೨೮, ಬುಧವಾರ. ಯಾದಗಿರಿ

ಪಾಸಾಯಿತು, ಪಾಸಾಯಿತು, ನನ್ನ ಆ್ಯಪ್ ಪಾಸಾಯಿತು! ಕಡೇಚೂರಿನ ಫ್ಯಾಕ್ಟರಿಯವರು ಒಪ್ಪಿಕೊಂಡರು. ಸೋಮವಾರದಿಂದ ಅವರ ಹೆಣ್ಣುಮಕ್ಕಳ ಬಸ್ಸಿನಲ್ಲಿ ಓಡುತ್ತದೆ. ಅಂಗೈಯ ಮದರಂಗಿ ಇನ್ನೂ ಪೂರ್ತಿ ಮಾಸಿಲ್ಲ, ಅಷ್ಟರಲ್ಲೇ ಗಂಡನ ಜಿಲ್ಲೆಗೆ ಇಷ್ಟು ದೊಡ್ಡ ಉಪಕಾರ ಮಾಡಿದ ಸೊಸೆ ಇನ್ನೊಬ್ಬಳಿದ್ದರೆ ತೋರಿಸಲಿ!

ಕುಣಿಯಬೇಕು ಅನಿಸುತ್ತಿದೆ. ಆದರೆ ಕೆಳಗೆ ಮಾವ ಊಟ ಮಾಡಿ ಅಡ್ಡಾಗಿದ್ದಾರೆ, ಮಾಳಿಗೆಯ ಮೇಲೆ ಕುಣಿದರೆ ಅವರ ಮುಖದ ಮೇಲೆ ಮಣ್ಣು ಉದುರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಯಲ್ಲಿ ಓದಿದವಳು ನಾನು. ಸಂತೋಷ ಬಂದಾಗ ಮಾತ್ರ ಆ ಇಂಗ್ಲಿಷು ಎಲ್ಲಿ ಓಡಿಹೋಗುತ್ತದೋ!

ವಿಷಯ ಇಷ್ಟು. ನಮ್ಮ ಆಫೀಸು ಕಲಬುರಗಿಯಲ್ಲಿ, ಒಂದು ಬೇಕರಿಯ ಮೇಲಿನ ಮೂರು ಕೋಣೆ. ಮದುವೆಯಾದ ಮೇಲೆ ನಾನು ಈ ಮನೆಯ ಮಾಳಿಗೆಯಿಂದಲೇ ಕೆಲಸ ಮಾಡುತ್ತೇನೆ. ನನ್ನ ಗಂಡ ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸಗಾರರ ಬಸ್ಸುಗಳನ್ನು ನೋಡಿಕೊಳ್ಳುತ್ತಾರೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಆ ಬಸ್ಸಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಬಂದು ಹೋಗುತ್ತಾರೆ. ಮನೆಯವರಿಗೆ ಚಿಂತೆ: ಹುಡುಗಿ ಹತ್ತಿದಳೋ ಇಲ್ಲವೋ, ಇಳಿದಳೋ ಇಲ್ಲವೋ. ನನ್ನ ಆ್ಯಪ್ ಆ ಚಿಂತೆಗೆ ಮದ್ದು. ಹುಡುಗಿಯ ಫೋನೂ ಬಸ್ಸಿನ ಫೋನೂ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ತನ್ನೂರಿನ ಸ್ಟಾಪಿನಲ್ಲಿ ಅವಳು ಇಳಿದ ಕೂಡಲೇ ಮನೆಯ ಹಿರಿಯರ ಫೋನಿಗೆ ಸಂದೇಶ: ‘ಅವ್ವಾ, ಬಂದೆ.’ ಹುಡುಗಿ ಏನನ್ನೂ ಒತ್ತಬೇಕಿಲ್ಲ, ಅವಳನ್ನು ಯಾರೂ ಕೇಳಬೇಕಿಲ್ಲ. ಅದೇ ಅದರ ಚಂದ!

ಆ್ಯಪಿನ ಹೆಸರೂ ಅದೇ. ನಾನೇ ಇಟ್ಟದ್ದು. ರಾಯಚೂರಿನಲ್ಲಿ ಶಾಲೆಯಿಂದ ಬಂದು ಬ್ಯಾಗು ಎಸೆಯುವ ಮೊದಲು ನಾನು ಕೂಗುತ್ತಿದ್ದುದು ಅದನ್ನೇ. ಕೂಗಿದ ಮೇಲೇ ಮನೆ ಸೇರಿದ ಹಾಗೆ.

ಇನ್ನೊಂದು ಸಂತೋಷ. ಅತ್ತೆಯ ಎದುರಿಗೆ ಗಂಡನ ಹೆಸರು ಹೇಳುವಂತಿಲ್ಲ. ಮದುವೆಯಲ್ಲಿ ಪ್ರಾಸ ಕಟ್ಟಿ ಒಡಪು ಹಾಕಿ ಒಂದು ಸಲ ಹೇಳಿದ್ದು, ಅಷ್ಟೇ. ಇಲ್ಲಿ ಬರೆದರೆ ಯಾರು ಕೇಳುತ್ತಾರೆ? ಚೇತನಕುಮಾರ. ಚೇತನ್. ಚೇತು, ಚೇತು, ಚೇತು!


ಜೂನ್ ೧, ಭಾನುವಾರ

ವನದುರ್ಗಕ್ಕೆ ಹೋಗಿದ್ದೆವು! ಬೈಕಿನ ಮೇಲೆ, ನಾವಿಬ್ಬರೇ! ಶಹಾಪುರ ದಾಟುವಾಗ ಮಲಗಿದ ಬುದ್ಧನ ಗುಡ್ಡ ತೋರಿಸಿ, “ನೋಡು, ನಮ್ಮಪ್ಪನ ಹಂಗ ಊಟಾ ಮಾಡಿ ಅಡ್ಡಾಗ್ಯಾನ” ಅಂದರು. ನಕ್ಕು ನಕ್ಕು ನನ್ನ ದುಪ್ಪಟ್ಟಾ ಚಕ್ರಕ್ಕೆ ಸಿಗುವುದರಲ್ಲಿತ್ತು.

ಕೋಟೆಯ ಮೇಲೆ ನೆಟ್‌ವರ್ಕೇ ಇಲ್ಲ. ಗಾಳಿ, ಹಳೆಯ ಗೋಡೆ, ನಾವು. ಇಡೀ ಮಧ್ಯಾಹ್ನ ಕೂತೆವು. ಏನು ಮಾತಾಡಿದೆವು ಅಂತ ಬರೆಯುವುದಿಲ್ಲ.

ಕೆಳಗಿಳಿದರೆ ಫೋನು ಬಡಿದುಕೊಳ್ಳುತ್ತಿತ್ತು. ನಾವಿಬ್ಬರೂ ಒಬ್ಬರ ಲೊಕೇಶನ್ ಒಬ್ಬರಿಗೆ ಹಂಚಿಕೊಂಡಿದ್ದೇವೆ. ಅವರದು ನೀಲಿ ಚುಕ್ಕಿ, ನನ್ನದು ಗುಲಾಬಿ. ಅವ್ವನಿಗೂ ನನ್ನ ಚುಕ್ಕಿ ಹಾಕಿಕೊಟ್ಟಿದ್ದೆ. ಶಹಾಪುರದಿಂದ ಮುಂದೆ ಚುಕ್ಕಿ ಅಲ್ಲಾಡಲಿಲ್ಲ ಅಂತ ಅವಳು ಗಾಬರಿಯಾಗಿ ಅತ್ತೆಗೆ ಫೋನು ಮಾಡಿದ್ದಾಳೆ. ಅತ್ತೆ ಹೇಳಿದ್ದು ಇಷ್ಟೇ: “ಬೀಗರ, ಹೊಸಾ ಜೋಡಿ ಎಲ್ಲ್ಯರ ಗುಡ್ಡದ ಸಂದ್ಯಾಗ ಕುಂತಿರ್ತಾವ. ಹುಡುಕಬ್ಯಾಡ್ರಿ.”

ನಾಚಿಕೆಯಿಂದ ಸತ್ತೇ ಹೋದೆ!


ಜೂನ್ ೩, ಮಂಗಳವಾರ

ಸಂಜೆ ಅಡುಗೆಮನೆಯಲ್ಲಿ ಫೋನು ಗೋಡೆಗೆ ಒರಗಿಸಿಟ್ಟು ನೋಡುತ್ತಿದ್ದೆ. ನೀಲಿ ಚುಕ್ಕಿ ಕಡೇಚೂರು ಬಿಟ್ಟಿತು. ಸೈದಾಪುರದ ಗೇಟಿನಲ್ಲಿ ನಿಂತಿತು, ರೈಲು ಬಂದಿರಬೇಕು. ಮತ್ತೆ ಹೊರಟಿತು. ನನ್ನ ಕಡೆಗೆ! ಜಗತ್ತಿನಲ್ಲಿ ಎಷ್ಟು ಸಾವಿರ ವರ್ಷ ಹೆಂಗಸರು ಬಾಗಿಲಲ್ಲಿ ನಿಂತು ದಾರಿ ನೋಡಿ ಕಣ್ಣು ಕೆಡಿಸಿಕೊಂಡರು, ನಾನು ಕೂತಲ್ಲೇ ಕಾಣುತ್ತೇನೆ.

“ಅದೇನ ನೋಡ್ತೀಯವ್ವ ಅಷ್ಟೊತ್ತು? ಅನ್ನ ಸೀದು ಹೋಗ್ಯದ,” ಅಂದರು ಅತ್ತೆ.

ಹೋಗಿತ್ತು. ಅವರು ಬಂದು ಸೀದದ್ದನ್ನೇ ಉಂಡು ಚಲೋ ಅದ ಅಂದರು.


ಜೂನ್ ೫, ಗುರುವಾರ

ಇವತ್ತು ಸಂಜೆ ಫ್ಯಾಕ್ಟರಿ ಬಿಟ್ಟ ಮೇಲೆ ನಾನೇ ಆ ಬಸ್ಸಿನಲ್ಲಿ ಕೂತು ಬಂದೆ. ಬಳಸುವವರ ಜೊತೆ ಕೂರದೆ ಸ್ಕ್ರೀನು ಬರೆಯಬಾರದು ಅಂತ ನಮ್ಮ ಆಫೀಸಿನ ನಿಯಮ. ಬಸ್ಸು ಅಂದರೆ ದೊಡ್ಡ ಟೆಂಪೊ. ಡ್ರೈವರ್ ಫಕೀರಸಾಬ, ಬಿಳಿ ಗಡ್ಡ, ಕಿವಿಯಲ್ಲಿ ಅತ್ತರಿನ ಹತ್ತಿ.

“ಸಾಹೇಬ್ರ ಮದಿಮಗಳು ಬಂದಾಳ, ಸರಕೊಳ್ರೇ, ಜಾಗಾ ಕೊಡ್ರಿ!” ಅಂತ ದುರ್ಗಾ ಅನ್ನುವವಳು ಕೂಗಿದಳು. ಬಳಿಚಕ್ರದವಳು, ಆ ಬಸ್ಸಿಗೆ ಅವಳೇ ಯಜಮಾನಿ ಇದ್ದ ಹಾಗಿದೆ. “ಅಕ್ಕಾರ, ಸಾಹೇಬ್ರ ಚುಕ್ಕಿನೂ ಕಾಣ್ತದೇನ್ರಿ ನಿಮ್ಮ ಫೋನಿನಾಗ?”

“ಕಾಣ್ತದ.”

“ನನಗ ಬ್ಯಾಡ್ರಿ ಅಂಥಾದ್ದು. ನನ್ನ ಗಂಡ ಎಲ್ಲಿರ್ತಾನಂತ ಊರಿಗೆಲ್ಲ ಗೊತ್ತದ. ಅಂವ ಮನ್ಯಾಗಿದ್ದಾಗ ಮಾತ್ರ ಒಂದು ಮೆಸೇಜ್ ಬರೂ ಹಂಗ ಮಾಡ್ರಿ, ಹೆದರಿಕಿ ಆಗ್ತದ.”

ಇಡೀ ಬಸ್ಸು ನಕ್ಕಿತು. ಎಂಥ ಚಂದದ ಹೆಂಗಸರು! ಎಲ್ಲರ ಫೋನಿನಲ್ಲೂ ಆ್ಯಪ್ ಸರಿಯಾಗಿ ಕೂತಿದೆಯೇ ಅಂತ ನೋಡಿದೆ.

ಸೈದಾಪುರದಲ್ಲಿ ಫಕೀರಸಾಬ ಗಾಡಿ ನಿಲ್ಲಿಸಿ, “ಜರಾ ಹವಾ ನೋಡ್ತೀನಿ, ಕುಂದರ್ರಿ” ಅಂದರು. ಇಳಿದು ಒಂದೊಂದೇ ಗಾಲಿಗೆ ಒದ್ದು ನೋಡಿದರು. ಆಮೇಲೆ ಚಹಾ ಕುಡಿದರು. ಮಹಾನಂದಾ ಅಂತ ಸಣ್ಣ ದನಿಯ ಹುಡುಗಿ, ನನ್ನ ವಯಸ್ಸಿನವಳೇ, ನನ್ನ ಮುಖವನ್ನೊಮ್ಮೆ ದುರ್ಗಾಳ ಮುಖವನ್ನೊಮ್ಮೆ ನೋಡಿದಳು. ದುರ್ಗಾ ಕಣ್ಣಲ್ಲೇ ಏನೋ ಅಂದಳು. ಮಹಾನಂದಾ ಇಳಿದು ಓಣಿಯೊಳಗೆ ಹೋದಳು. ಓಡುತ್ತ ವಾಪಸು ಬಂದಾಗ ಅವಳ ಸೆರಗಿನಲ್ಲಿ ಕಟ್ಟಿದ ರೊಟ್ಟಿಯ ವಾಸನೆ ಇತ್ತು.

“ಎಲ್ಲಿಗಿ ಹೋಗಿದ್ಲು?” ಅಂದೆ.

“ಯಾರು? ಯಾರೂ ಎಲ್ಲಿಗೂ ಹೋಗಿಲ್ರಿ. ಗಾಲಿ ಹವಾ ನೋಡಾಕತ್ತಾರ,” ಅಂದಳು ದುರ್ಗಾ.


ಜೂನ್ ೯, ಸೋಮವಾರ

ನಾನು ಎಷ್ಟು ಜಾಣೆ! ಬಸ್ಸಿನ ನಕಾಶೆ ನೋಡುತ್ತಿದ್ದೆ. ದಿನಾ ಅದೇ ಜಾಗದಲ್ಲಿ, ಸೈದಾಪುರದ ಆ ಚಹಾದಂಗಡಿಯ ಹತ್ತಿರ, ಗೆರೆ ಒಂದು ಗಂಟು ಬಿದ್ದ ಹಾಗೆ ಕಾಣುತ್ತದೆ. ದಿನಾ ಅಲ್ಲೇ ಹವಾ ಹೋಗುತ್ತದೆಯೇ? ಮತ್ತು ಒಂದು ಫೋನು ಬಸ್ಸಿನಿಂದ ದೂರ ಹೋಗಿ ಮತ್ತೆ ಬಂದು ಸೇರುತ್ತದೆ.

ಅದಕ್ಕೊಂದು ಹೊಸ ಉಪಾಯ ಹೊಳೆಯಿತು. ತನ್ನ ಊರು ಬರುವ ಮೊದಲೇ ಹುಡುಗಿಯ ಫೋನು ಬಸ್ಸು ಬಿಟ್ಟರೆ ಮನೆಗೆ ಕೆಂಪು ಸಂದೇಶ: ‘ನಿಮ್ಮ ಮನೆಯವರು ದಾರಿಯಲ್ಲಿ ಇಳಿದಿದ್ದಾರೆ’, ಜೊತೆಗೆ ಜಾಗದ ಹೆಸರು. ದಾರಿಯಲ್ಲಿ ಯಾರಿಗಾದರೂ ಏನಾದರೂ ಆದರೆ? ಬಿಟ್ಟು ಹೋದರೆ?

ಚೇತುಗೆ ತೋರಿಸಿದೆ. “ಇದ ನೋಡು ಬೇಕಾಗಿದ್ದು!” ಅಂದರು. ಅವರ ದೊಡ್ಡ ಸಾಹೇಬರಿಗೂ ತೋರಿಸಿದರಂತೆ. ಇಂಥ ಹೆಂಡತಿ ಎಲ್ಲಿ ಸಿಕ್ಕಳು ಅಂತ ಅವರು ಕೇಳಿದರಂತೆ. ರಾಯಚೂರಿನಾಗ, ಅಂದರಂತೆ. ನಾನಿನ್ನು ನೆಲದ ಮೇಲೆ ನಡೆಯುವುದಿಲ್ಲ!


ಜೂನ್ ೧೨, ಗುರುವಾರ

ಕೆಂಪು ಸಂದೇಶ ಇವತ್ತಿನಿಂದ ಶುರು. ಹೋಳಿಗೆ ಮಾಡಿದ್ದೇವೆ.


ಜೂನ್ ೧೬, ಸೋಮವಾರ

ಚೇತು ಬಂದು ಕೈಕಾಲು ತೊಳೆದುಕೊಂಡರು. ಕೇಳಿದ ಮೇಲೆ ಹೇಳಿದರು. ಮಹಾನಂದಾಳ ಮಾವ ರಂಗಣ್ಣ ಫ್ಯಾಕ್ಟರಿಯ ಗೇಟಿಗೆ ಬಂದಿದ್ದ. ಕೈಯಲ್ಲಿ ಫೋನು ಹಿಡಿದುಕೊಂಡು ಎಲ್ಲರಿಗೂ ತೋರಿಸಿದ: ಗುರುವಾರ ಸೈದಾಪುರ, ಶುಕ್ರವಾರ ಸೈದಾಪುರ, ಶನಿವಾರ ಸೈದಾಪುರ. ಸೊಸೆ ಇನ್ನು ಕೆಲಸಕ್ಕೆ ಬರುವುದಿಲ್ಲ ಅಂದ. ದಾರಿಯಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಫಕೀರಸಾಬನನ್ನು ಹೆಣ್ಣುಮಕ್ಕಳ ಬಸ್ಸಿನಿಂದ ತೆಗೆದು ಲಾರಿಗೆ ಹಾಕಿದ್ದಾರೆ.

“ಆಕಿ ದಿನಾ ಎಲ್ಲಿಗಿ ಹೋಗ್ತಿದ್ಲು?” ಅಂದೆ.

“ಯಾರಿಗ್ಗೊತ್ತು. ಆ ಹೆಣ್ಮಕ್ಕಳು ಬಾಯಿ ಬಿಡವಲ್ರು.”

ನನ್ನ ಆ್ಯಪ್ ಮಾತ್ರ ಸರಿಯಾಗಿಯೇ ಕೆಲಸ ಮಾಡಿದೆ. ಒಂದು ಸಂದೇಶವೂ ತಪ್ಪಿಲ್ಲ.


ಜೂನ್ ೧೭, ಮಂಗಳವಾರ

ಮತ್ತೆ ಬಸ್ಸಿನಲ್ಲಿ ಹೋದೆ. ಯಾರೂ ಜಾಗ ಬಿಡಿ ಅನ್ನಲಿಲ್ಲ. ಹೊಸ ಡ್ರೈವರು. ಸೈದಾಪುರದಲ್ಲಿ ಗಾಡಿ ನಿಲ್ಲಲಿಲ್ಲ. ಸುಮ್ಮನಿರಲಾರದೆ, “ಇವತ್ತು ಹವಾ ನೋಡೂದಿಲ್ಲೇನು?” ಅಂದುಬಿಟ್ಟೆ.

ದುರ್ಗಾ ತಿರುಗಿ ನೋಡಿದಳು. “ಹವಾ ತಗದವ್ರು ನೀವಽ, ನಮ್ಮನ್ಯಾಕ ಕೇಳ್ತೀರಿ?”

ಆಮೇಲೆ ಅವಳೇ ಬಂದು ಪಕ್ಕದಲ್ಲಿ ಕೂತಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ; ಹೇಳಿದಳು.

ಮಹಾನಂದಾಳ ತವರು ಆ ಓಣಿಯಲ್ಲೇ ಇದೆ. ತಾಯಿ ಅಮೃತಮ್ಮನಿಗೆ ಎರಡೂ ಕಣ್ಣು ಕಾಣುವುದಿಲ್ಲ. ತಮ್ಮ ದೇವು ದುಡಿಯಲು ಹೋಗಿರುತ್ತಾನೆ. ದೇವುವಿನ ಮದುವೆಯಲ್ಲಿ ಆಯೇರಿ ಮಾಡುವಾಗ, ಅಂದರೆ ಬೀಗರಿಗೆ ಬಟ್ಟೆ ಕೊಟ್ಟು ಮರ್ಯಾದೆ ಮಾಡುವಾಗ, ರಂಗಣ್ಣನ ಹೆಸರು ಎಲ್ಲರಿಗಿಂತ ಕೊನೆಗೆ ಕೂಗಿದರು. ರಂಗಣ್ಣ ಆ ಪಟಕಾ, ಆ ಧೋತರ ಅಲ್ಲೇ ಚಪ್ಪರದಲ್ಲಿ ಎಸೆದು ಎದ್ದು ಬಂದ. ಅವತ್ತಿನಿಂದ ಎರಡು ಮನೆಗೂ ಮಾತಿಲ್ಲ, ಮಹಾನಂದಾಳಿಗೆ ತವರಿಲ್ಲ.

“ಕೆಲಸಕ್ಕ ಬರಾಕತ್ತಿದ್ಲಲ್ರಿ, ದಾರ್ಯಾಗ ಅವ್ವನ ಮನಿ. ಒಂದಿನ ಫಕೀರಣ್ಣ ಹವಾ ನೋಡ್ತೀನಂತ ತಾನಽ ನಿಲ್ಲಿಸಿದ. ಆಕಿ ಇಳದು ಹೋದ್ಲು. ಆಮ್ಯಾಲ ದಿನಾ ಹವಾ. ಯಾರೂ ಒಂದು ಮಾತು ಆಡಿಲ್ಲ. ತಡಾ ಆಗ್ತದಂತ ಯಾರೂ ಅಂದಿಲ್ಲ. ಆಕಿ ಬಾಗಲಾಗ ನಿಂತು ‘ಅವ್ವಾ, ಬಂದೆ’ ಅಂತಿದ್ಲು, ಮುದುಕಿ ಮಾರಿ ಮುಟ್ಟಿ ನೋಡಿ ಒಂದು ರೊಟ್ಟಿ ಕಟ್ಟಿ ಕಳಸ್ತಿದ್ಲು. ಇಷ್ಟಽ ರೀ ಅಕ್ಕಾರ. ಇಷ್ಟಕ್ಕ ನಿಮ್ಮ ಫೋನು ಕೆಂಪಾಯ್ತು.”

ಬಳಿಚಕ್ರ ಬಂತು. ದುರ್ಗಾ ಇಳಿಯುವಾಗ, “ಮುದುಕಿ ಇನ್ನೂ ದಿನಾ ಬಾಗಲಾಗ ಕುಂದರ್ತದಂತ” ಅಂದಳು.


ಜೂನ್ ೧೯, ಗುರುವಾರ

ಎರಡು ದಿನ ಆಫೀಸಿನ ಕೆಲಸ ಮಾಡಿದೆ, ಏನು ಮಾಡಿದೆನೋ. ಕೊನೆಗೆ ಕಡಲೆಬೇಳೆ ಆರಿಸುತ್ತ ಅತ್ತೆಗೆ ಎಲ್ಲ ಹೇಳಿದೆ. ಅತ್ತೆ ಸುರಪುರದ ಮಗಳು, ಭಾಗಮ್ಮ ಅಂದರೆ ಅಲ್ಲಿ ಇನ್ನೂ ಗುರುತು ಹಿಡಿಯುತ್ತಾರೆ. ಯಾರ ಮಾತನ್ನೂ ಅರ್ಧಕ್ಕೆ ಕಡಿಯುವವರಲ್ಲ. ಪೂರ್ತಿ ಕೇಳಿದರು.

“ನನಗೂ ಒಂದು ಗಿರಣಿ ಇತ್ತು,” ಅಂದರು.

“ಗಿರಣಿ?”

“ಹಿಟ್ಟಿನ ಗಿರಣಿ. ನಮ್ಮತ್ತಿ ನನಗ ಹೊಸ್ತಿಲ ದಾಟಾಕ ಬಿಡ್ತಿದ್ದಿಲ್ಲ. ಗಿರಣಿಗಿ ಮಾತ್ರ ಬಿಡ್ತಿದ್ಲು. ನಾ ಜ್ವಾಳದ ಡಬ್ಬಿ ಗಿರಣ್ಯಾಗ ಇಟ್ಟು, ಹಿಂದಿನ ಓಣ್ಯಾಗ ಶಾಕೀರನ ಅವ್ವ ಇದ್ಲು, ಆಕಿ ಮನ್ಯಾಗ ಕುಂತು ಚಾ ಕುಡದು, ನಗೂದು ನಕ್ಕು, ಅಳೂದು ಅತ್ತು ಬರ್ತಿದ್ದೆ. ಯಾಕ ತಡಾ ಅಂದ್ರ, ಕರೆಂಟ್ ಹೋಗಿತ್ರಿ ಅಂತಿದ್ದೆ.”

“ಅವ್ರು ನಂಬತಿದ್ರೇನು?”

“ನಂಬೂದೆಲ್ಲಿ ಬಂತು! ಮನ್ಯಾಗ ಲೈಟ್ ಉರಿಯಾಕತ್ತಿತ್ತು. ಆಕಿಗಿ ಕಾಣ್ತಿದ್ದಿಲ್ಲೇನು?”

“ಮತ್ತ ಏನೂ ಅಂತಿದ್ದಿಲ್ಲ?”

“ಇಲ್ಲ.” ಅತ್ತೆ ಒಂದು ಕಲ್ಲು ಆರಿಸಿ ಬದಿಗಿಟ್ಟರು. “ಆಕಿಗೂ ಒಂದು ಗಿರಣಿ ಇತ್ತು.”

ಮೇಲೆ ಬಂದು ನನ್ನ ಸ್ಕ್ರೀನುಗಳನ್ನು ಮತ್ತೆ ನೋಡಿದೆ. ‘ಗೊತ್ತಾಗಲಿ’ ಅನ್ನುವುದಕ್ಕೆ ಎಷ್ಟು ಚಂದದ ಬಣ್ಣ ಹುಡುಕಿದ್ದೆ. ಗೊತ್ತಿದ್ದೂ ಕೇಳದೆ ಇರುವುದಕ್ಕೆ ಒಂದು ಬಣ್ಣ ಬೇಕಾಗುತ್ತದೆ ಅಂತ ಯಾವ ಕಾಲೇಜಿನಲ್ಲೂ ಹೇಳಿಕೊಡಲಿಲ್ಲ.


ಜೂನ್ ೨೨, ಭಾನುವಾರ

ಜಗಳ ಅಂತ ಬರೆಯುವುದಿಲ್ಲ, ದನಿ ಏರಲಿಲ್ಲ. ಕೆಂಪು ಸಂದೇಶ ತೆಗೆಯಬೇಕು ಅಂದೆ. ‘ಅವ್ವಾ, ಬಂದೆ’ ಕೂಡ ತಾನಾಗಿ ಹೋಗಬಾರದು, ಹುಡುಗಿ ತಾನೇ ಒತ್ತಿದರೆ ಮಾತ್ರ ಹೋಗಬೇಕು ಅಂದೆ. ಚೇತು ತಲೆ ಕೆರೆದುಕೊಂಡರು. ಪೇಚಿಗೆ ಸಿಕ್ಕಾಗ ಅವರಿಗೆ ನಾನು ‘ಗುರು’.

“ಗುರೂ, ನೀನಽ ಮಾಡಿದ್ದಿ, ನೀನಽ ತಗಿ ಅಂತೀದಿ. ಆ ಮೆಸೇಜ್ ಬರ್ತದಂತಽ ಎಷ್ಟೋ ಅಪ್ಪಂದಿರು ಹುಡಿಗ್ಯಾರನ್ನ ಕೆಲಸಕ್ಕ ಕಳಸಾಕತ್ತಾರ. ಅದು ಸುಳ್ಳೇನು?”

ಸುಳ್ಳಲ್ಲ. ಅದೇ ಕಷ್ಟ.

“ಕಳಸ್ಲಿ. ಮೆಸೇಜ್ ಆಕಿನಽ ಕಳಸ್ಲಿ. ಹುಡಿಗಿ ಮಾತು ನಂಬ್ತಾರೋ, ಫೋನಿನ ಮಾತು ನಂಬ್ತಾರೋ?”

“ಆಕಿ ಒತ್ತಲಿಲ್ಲಂದ್ರ?”

“ಒತ್ತಲಿಲ್ಲ, ಅಷ್ಟಽ. ಫೋನ್ ಮಾಡಿ ಕೇಳ್ತಾರ. ನಮ್ಮವ್ವ ಕೇಳ್ತಿದ್ದಿಲ್ಲೇನು?”

“ದೊಡ್ಡ ಸಾಹೇಬ್ರಿಗಿ ಏನಂತ ಹೇಳ್ಲಿ? ಮದಿಮಗಳು ಮನಸ್ಸು ಬದಲು ಮಾಡ್ಯಾಳಂತ ಹೇಳ್ಲೇನು?” ಅಂದರು. ನಗಿಸಲು ಅಂದದ್ದು. ನಾನೂ ನಕ್ಕೆ. ಆದರೆ ನಕ್ಕ ಮೇಲೂ ಆ ಮಾತು ಅಲ್ಲೇ ಕೂತಿತ್ತು.

ಕಲಬುರಗಿಯ ಆಫೀಸಿಗೆ ಬರೆದೆ. ಗಿರಾಕಿ ಕೇಳಿದರೆ ಮಾತ್ರ ಬದಲಿಸುವುದು ಅಂತ ಉತ್ತರ ಬಂತು.


ಜೂನ್ ೨೫, ಬುಧವಾರ

ನಾಳೆಯಿಂದ ಆಷಾಢ. ಹೊಸ ಸೊಸೆ ಅತ್ತೆಯ ಮನೆಯಲ್ಲಿ ಇರಬಾರದು. ಸಂಜೆಯ ರೈಲಿಗೆ ರಾಯಚೂರಿಗೆ. ಮದುವೆಯಾದ ಹೊಸದರಲ್ಲಿ ಈ ದಿನ ನೆನೆದೇ ಅಳು ಬರುತ್ತಿತ್ತು. ಇವತ್ತು ಬರಲಿಲ್ಲ, ಬಟ್ಟೆ ಮಡಚುವುದೇ ಬಹಳ ಇತ್ತು.

ಅತ್ತೆ ಡಬ್ಬಿಗೆ ಶೇಂಗಾ ಹಿಂಡಿ ತುಂಬಿಕೊಡುತ್ತ ಕೇಳಿದರು: “ಆ ರಂಗಣ್ಣ ಅಂದ್ರ, ನಿಮ್ಮ ಮಾವನ ಅಡತಿ ಅಂಗಡಿಗಿ ತೊಗರಿ ಮಾರಾಕ ತರ್ತಾನಲ್ಲ, ಉದ್ದ ಮೀಸಿ, ಅಂವನಽ ಏನು?”

ಇರಬಹುದು ಅಂದೆ. ಅತ್ತೆ ಮುಚ್ಚಳ ಒತ್ತಿ ಹಾಕಿದರು.

ರೈಲು ಸೈದಾಪುರದಲ್ಲಿ ನಿಂತಿತು. ಕಿಟಕಿಯಿಂದ ಆ ಓಣಿ ಕಾಣುತ್ತದೇನೋ ಅಂತ ನೋಡಿದೆ. ಕಾಣಲಿಲ್ಲ.


ಜುಲೈ ೩, ಗುರುವಾರ. ರಾಯಚೂರು

ಅವರು ಫೋನು ಮಾಡಿದ್ದರು. “ಸ್ಟೇಶನ್ ರೋಡಿನಾಗ ಅಷ್ಟೊತ್ತು ಏನ್ ಮಾಡಾಕತ್ತಿದ್ದಿ? ನಿನ್ನ ಚುಕ್ಕಿ ಅಲ್ಲಾಡ್ಲೇ ಇಲ್ಲ.”

ಶಾಲೆಯ ಗೆಳತಿ ರೇವತಿ ಸಿಕ್ಕಿದ್ದಳು. ಮಿರ್ಚಿ ತಿಂದೆವು. ಅವಳ ಮನೆಯ ಕಷ್ಟ ಹೇಳಿಕೊಂಡಳು. ಅದನ್ನೆಲ್ಲ ಅವರಿಗೆ ಹೇಳಿದೆ. ಎಷ್ಟು ಕಾಳಜಿ, ಅಷ್ಟು ದೂರದಿಂದಲೂ! ರೇವತಿಯ ಕಷ್ಟ ಹೇಳಬೇಕಿರಲಿಲ್ಲ ಅಂತ ಆಮೇಲೆ ಅನಿಸಿತು. ಅವರು ಅದನ್ನು ಕೇಳಿಯೂ ಇರಲಿಲ್ಲ.


ಜುಲೈ ೮, ಮಂಗಳವಾರ

ರೇವತಿಯ ಮನೆಗೆ ಹೋಗಿದ್ದೆ. ಫೋನು ಇಲ್ಲೇ ಚಾರ್ಜಿಗೆ ಹಾಕಿ ಮರೆತಿದ್ದೆ. ಇತ್ತೀಚೆಗೆ ಮರೆವು ಹೆಚ್ಚಾಗಿದೆ, ನಿನ್ನೆಯೂ ಹೀಗೇ ಆಯಿತು.


ಜುಲೈ ೧೨, ಶನಿವಾರ

ನಗು ತಡೆಯಲಾಗುತ್ತಿಲ್ಲ, ಅವ್ವ ಎರಡು ಸಲ ಬಂದು ನೋಡಿಹೋದಳು.

ಚೇತು ಫೋನು ಮಾಡಿ ಹೇಳಿದ್ದು: ನಿನ್ನೆ ಸಂಜೆ ಬಸ್ಸಿನ ಹೆಂಗಸರೆಲ್ಲ ತಮ್ಮ ಫೋನುಗಳನ್ನು ಒಂದು ಗೊಬ್ಬರದ ಚೀಲಕ್ಕೆ ಹಾಕಿ ದುರ್ಗಾಳ ಕೈಗೆ ಕೊಟ್ಟಿದ್ದಾರೆ. ದುರ್ಗಾ ಚೀಲ ಹೊತ್ತು ಬಳಿಚಕ್ರದಲ್ಲಿ ಇಳಿದಳು. ಮುಂದಿನ ಊರುಗಳ ಎಲ್ಲ ಮನೆಗೂ ಒಂದೇ ಸಲ ಕೆಂಪು ಸಂದೇಶ: ನಿಮ್ಮ ಮನೆಯವರು ಬಳಿಚಕ್ರದಲ್ಲಿ ಇಳಿದಿದ್ದಾರೆ! ಅಷ್ಟರಲ್ಲಿ ಹೆಂಗಸರು ತಮ್ಮತಮ್ಮ ಮನೆ ಸೇರಿದ್ದರು. ರಾತ್ರಿಯಾದರೂ ಸಂದೇಶ ನಿಲ್ಲಲಿಲ್ಲ.

“ಒಂದು ಮನ್ಯಾಗ ಅತ್ತಿ ಫೋನ್ ಹಿಡಕೊಂಡು ಅಳಾಕತ್ತಾಳಂತ, ಸೊಸಿ ಬಳಿಚಕ್ರದಾಗ ಇಳದಾಳಂತ,” ಅವರಿಗೂ ಹೇಳುವಾಗ ನಗು, “ಸೊಸಿ ಎದುರಿಗಽ ಕುಂತು ರೊಟ್ಟಿ ಬಡ್ಯಾಕತ್ತಾಳ! ಮುಂಜಾನೆ ಆ ಅಪ್ಪಂದಿರೆಲ್ಲ ಗೇಟಿಗಿ ಬಂದ್ರು. ದೊಡ್ಡ ಸಾಹೇಬ್ರು ದುರ್ಗಾನ್ನ ಕರದು ಇದೇನಂತ ಕೇಳಿದ್ರು. ಆಕಿ ಏನಂದ್ಲು ಗೊತ್ತೇನು? ‘ಫೋನ್ ದಣದಿದ್ವುರಿ ಸಾಹೇಬ್ರ, ನಮ್ಮನಿಗಿ ಬೀಗತನಕ್ಕ ಕರಕೊಂಡ ಹೋಗಿದ್ದೆ.’”

ನಕ್ಕು ಮುಗಿದ ಮೇಲೆ ಅವರು ಹೇಳಿದರು: “ನೀ ಹೇಳಿದ್ದು ನಾ ಇವತ್ತು ಸಾಹೇಬ್ರ ಮುಂದ ಹೇಳ್ದೆ. ಕೆಂಪು ತಗೀರಿ ಅಂದ್ರು. ಒತ್ತಿದ್ರ ಮಾತ್ರ ಹೋಗ್ಲಿ ಅಂದ್ರು. ನೀ ಹೇಳಿದ್ದಂತನೂ ಹೇಳ್ದೆ.”

“ಫಕೀರಸಾಬ?”

“ಬಸ್ಸಿಗಿ ವಾಪಸ್.”

“ಮಹಾನಂದಾ?”

“ಅದು ಸಾಹೇಬ್ರ ಕೈಯಾಗಿಲ್ಲಲ್ಲ ಗುರೂ.”

ಉಳಿದ ದಿನವೆಲ್ಲ ಕೂತು ಆ ಸ್ಕ್ರೀನನ್ನು ಬದಲಿಸಿದೆ. ಈಗ ಅದರಲ್ಲಿ ಒಂದೇ ಗುಂಡಿ ಇದೆ. ಒತ್ತುವವರು ಒತ್ತಬಹುದು.


ಜುಲೈ ೨೧, ಸೋಮವಾರ

ಅತ್ತೆಯ ಫೋನು. ಆಷಾಢದಲ್ಲಿ ಅತ್ತೆ ಸೊಸೆ ಮುಖ ನೋಡಬಾರದು ಅಂತಿದೆ, ದನಿ ಕೇಳಬಾರದು ಅಂತ ಇಲ್ಲವಂತೆ.

ರಂಗಣ್ಣ ತೊಗರಿ ಹಾಕಲು ಅಡತಿಗೆ ಬಂದಿದ್ದ. ಮಾವನಿಗೆ ಚಹಾ ಕೊಡುವ ನೆಪದಲ್ಲಿ ಅತ್ತೆಯೂ ಅಂಗಡಿಗೆ ಹೋದರು. ಪಂಚಮಿ ಹಬ್ಬ ಬಂತಲ್ಲ, ಸೊಸೆಯನ್ನು ತವರಿಗೆ ಕಳಿಸುವುದಿಲ್ಲವೇ ಅಂದರು.

“ಏನಂದ?”

“‘ಪಂಚಮಿಗಿ ಅಣ್ಣತಮ್ಮ ಕರಿಯಾಕ ಬಂದ್ರ ಬ್ಯಾಡ ಅನ್ನಾಕ ನಾ ಕಟುಕ ಏನ್ರಿ ಅಮ್ಮಾರ? ಬರ್ಲಿ. ಯಾರರ ಬಂದಾರೇನು?’ ಅಂದ. ಮೀಸಿ ಮ್ಯಾಲ ಕೈ, ಕಣ್ಣಾಗ ನೀರು. ಗಂಡಸರ ಸಿಟ್ಟು ಹಂಗಽ ಯವ್ವ, ಇಳಿಯಾಕ ಏಣಿ ಇರೂದಿಲ್ಲ.”

“ದೇವು ಹೋಗ್ತಾನೇನ್ರಿ ಕರಿಯಾಕ?”

“ಮೊದಲ ಒಲ್ಲೆ ಅಂದ. ಆಯೇರಿ ಒಗದ್ರು, ನಾ ಯಾಕ ಹೋಗ್ಲಿ ಅಂದ. ಹೊಸಾ ಪಟಕಾ ಒಯ್ಯಿ, ಈ ಸಲ ಅವನ ಹೆಸರು ಮೊದಲ ಕೂಗು, ನಿನ್ನ ಗಂಟಲ ಏನು ಹರದು ಹೋಗ್ತದ ಅಂದೆ. ಮುದುಕಿ ಬಾಗಲಾಗ ಕುಂತು ಎಲ್ಲಾ ಕೇಳಾಕತ್ತಿದ್ಲು. ಹೋಗ್ತೀನಿ ಅಂದಾನ.”

“ಅತ್ತೀ! ನೀವು ಸೈದಾಪುರಕ್ಕ ಹೋಗಿದ್ರೇನು? ಮಾವಗ ಹೇಳಿ ಹೋದ್ರೇನು?”

“ಹೇಳ್ದೆ,” ಅಂದರು ಅತ್ತೆ, “ಗಿರಣಿಗಿ ಹೋಗ್ತೀನಂತ.”


ಜುಲೈ ೨೯, ಮಂಗಳವಾರ. ನಾಗರ ಪಂಚಮಿ

ಮುಂಜಾನೆ ಜೋಕಾಲಿ ಜೀಕಿದೆ. ಎಳ್ಳುಂಡಿ, ಶೇಂಗಾ ಉಂಡಿ, ಅಳ್ಳಿಟ್ಟು; ಹೊಟ್ಟೆ ತುಂಬಿ ಉಸಿರು ಸಿಕ್ಕಿಕೊಂಡಿದೆ. ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಒಂದು ದನಿಯ ಸಂದೇಶ ಬಂತು. ಆ್ಯಪಿನಿಂದ ಅಲ್ಲ.

“ಅಕ್ಕಾರ, ನಾ ಮಹಾನಂದಾ. ಅವ್ವನ ಮನ್ಯಾಗ ಇದೀನ್ರಿ. ದೇವು ಬಂದಿದ್ದ ಕರಿಯಾಕ. ಮಾವನಽ ನನ್ನ ಚೀಲಾ ಬಂಡಿಗಿ ಇಟ್ಟ. ಮುಂದಿನ ಸೋಮವಾರದಿಂದ ಕೆಲಸಕ್ಕನೂ ಬರ್ತೀನ್ರಿ.” ಆಮೇಲೆ ಹಿಂದಿನಿಂದ ಒಂದು ಮುದಿ ದನಿ, ಗಟ್ಟಿಯಾಗಿ, ಫೋನಿಗೆ ಬಾಯಿ ಹಚ್ಚಿ: “ಆ ಫೋನಿನ ಹುಡಿಗಿನಽ ಏನು? ಆಕಿಗಿ ಒಂದ್ಸಲ ಬಾ ಅನ್ನು. ಉಂಡಿ ಕೊಡ್ತೀನಿ. ಬೈಯೂದೂ ಅದ.”

ಅದನ್ನು ಎಷ್ಟು ಸಲ ಕೇಳಿದೆನೋ. ಅವ್ವನನ್ನು ಕರೆದು ಕೇಳಿಸಿದೆ. ಅವ್ವ ನನ್ನ ತಲೆಗೆ ಎಣ್ಣೆ ಹಚ್ಚುತ್ತ ಕೂತಳು. ಸಂಜೆ ನನ್ನ ಚುಕ್ಕಿಯನ್ನು ಅವಳ ಫೋನಿನಿಂದ ತೆಗೆದೆ. “ತಗದ್ಯಾ? ಚಲೋ ಆಯ್ತು, ನೋಡಿ ನೋಡಿ ಜೀವ ಹಾರ್ತಿತ್ತು,” ಅಂದಳು.


ಜುಲೈ ೩೦, ಬುಧವಾರ

ಚೇತು ಫೋನು ಮಾಡಿದ್ದರು. ಆಷಾಢವೂ ಪಂಚಮಿಯೂ ಮುಗಿದವು; ಅವರಿಗೆ ಇನ್ನು ತಡೆಯಲಾಗುತ್ತಿಲ್ಲ, ನನಗೂ. ನಿನ್ನೆ ಸಂಜೆಯಿಂದ ನನ್ನ ಚುಕ್ಕಿ ಕಾಣುತ್ತಿಲ್ಲ, ಫೋನು ಕೆಟ್ಟಿದೆಯೇ ಅಂತ ಕೇಳಿದರು. ಇಲ್ಲ, ಆಫ್ ಮಾಡಿದ್ದೇನೆ ಅಂದೆ. ನಿಮ್ಮದೂ ಬೇಕಾದರೆ ಆಫ್ ಮಾಡಿ, ನಾನು ಬಾಗಿಲಲ್ಲಿ ನಿಂತೇ ನೋಡುತ್ತೇನೆ, ಅನ್ನವಾದರೂ ಉಳಿಯುತ್ತದೆ ಅಂದೆ.

“ರೈಲಿನಾಗ ಕುಂತ ಮ್ಯಾಲಾದ್ರೂ ಚಾಲೂ ಮಾಡು. ಯಾವಾಗ ಸ್ಟೇಶನ್ನಿಗಿ ಬರ್ಬೇಕು, ಹ್ಯಾಂಗ ಗೊತ್ತಾಗಬೇಕು ನನಗ?”

“ನಾನಽ ಹೇಳ್ತೀನಲ್ರಿ,” ಅಂದೆ.

“ಹಂಗಾರ ಹೇಳು.”

ಸೈದಾಪುರದಲ್ಲಿ ಇಳಿಯುತ್ತೇನೆ, ಒಂದು ಮನೆಗೆ ಹೋಗುವುದಿದೆ, ಅಲ್ಲಿ ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ, ಅಲ್ಲಿಂದ ಮುಂದೆ ಫಕೀರಸಾಬನ ಬಸ್ಸೋ ಮುಂದಿನ ಗಾಡಿಯೋ ನೋಡುತ್ತೇನೆ ಅಂದೆ. ಯಾಕೆ ಅಂತ ಅವರು ಕೇಳಲಿಲ್ಲ. ಕೇಳದೆ ಇದ್ದದ್ದು ಫೋನಿನಲ್ಲೂ ಕೇಳಿಸಿತು. ಆಮೇಲೆ ಅತ್ತೆ ಫೋನು ಕಸಿದುಕೊಂಡು, ಯಾವಾಗ ಬರ್ತೀಯವ್ವ, ಎಣ್ಣಿಗಾಯಿ ಮಾಡಿ ಇಡ್ತೀನಿ ಅಂದರು. ಅವರಿಗೂ ಅದನ್ನೇ ಹೇಳಿದೆ: ನಾಳೆ, ಗುರುವಾರ, ಗುಂತಕಲ್ಲಿನಿಂದ ಬರುವ ಕಲಬುರಗಿ ಪ್ಯಾಸೆಂಜರಿಗೆ ಹೊರಡುತ್ತೇನೆ, ಸೈದಾಪುರದಲ್ಲಿ ಇಳಿದು ಬರುತ್ತೇನೆ.